“ಊಟ ಆಯ್ತಾ?” ಆದ ಮೇಲೆ ಏನು ಕೇಳಬೇಕು?

“ಮಗಳು ನನ್ನ ಹತ್ತಿರ ಮಾತೇ ಆಡಲ್ಲ ಮೇಡಂ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ” ಎನ್ನುತ್ತಲೇ ಅವರು ನನ್ನ ಕೌನ್ಸೆಲಿಂಗ್ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು. ವಯಸ್ಸು 62. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಮಗಳಿಗೆ 26. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಾಳೆ.

ಮಗಳು ಜೊತೆಗೆ ಬಂದಿರಲಿಲ್ಲ. ಬಾರದವರಿಗೆ ಬುದ್ಧಿ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಹಿಂದಿನ ರಾತ್ರಿ ಫೋನಿನಲ್ಲಿ ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಡಿ ಎಂದೆ. ಮೇಷ್ಟ್ರಲ್ವಾ, ಹಾಳೆಗೆ ಮಾರ್ಜಿನ್ ಹಾಕಿಕೊಂಡೇ ಶುರು ಮಾಡಿದರು.

“ಊಟ ಆಯ್ತಾ?” “ಹೂಂ.”
“ಏನು ತಿಂದೆ?” “ಅನ್ನ ಸಾರು.”
“ಹೊರಗಿಂದ ತರಿಸಿಲ್ಲ ತಾನೆ?” “ಇಲ್ಲ.”
“ರೂಮಿಗೆ ಎಷ್ಟೊತ್ತಿಗೆ ಬಂದೆ?” “ಒಂಬತ್ತೂವರೆ.”
“ಯಾಕೆ ಅಷ್ಟು ಲೇಟು?” “ಕೆಲಸ ಇತ್ತು.”
“ದಿನಾ ಹೀಗಾದ್ರೆ ಹೇಗೆ?” “ಅಪ್ಪಾ, ಅಮ್ಮಂಗೆ ಕೊಡಿ.”

“ಇದರಲ್ಲಿ ಸರಿ ಉತ್ತರ ಯಾವುದು ಅಂತ ನೀವು ಮೊದಲೇ ಇಟ್ಟುಕೊಂಡಿದ್ದ ಪ್ರಶ್ನೆಗಳಿಗೆ ಟಿಕ್ ಹಾಕಿ” ಎಂದೆ. ನಾಲ್ಕಕ್ಕೆ ಹಾಕಿದರು. ಪೆನ್ನು ಕೆಳಗಿಟ್ಟು, “ಮಗ್ಗಿ ಒಪ್ಪಿಸಿಕೊಂಡ ಹಾಗಿದೆ” ಎಂದರು.

ನಾನು ಹೇಳಿದ್ದು ಜಾಸ್ತಿ ಇಲ್ಲ. “ಊಟ ಆಯ್ತಾ”ವನ್ನು ಬಿಡಬೇಡಿ ಎಂದೆ. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ, ನಮಸ್ಕಾರ ಇದ್ದ ಹಾಗೆ. ತಪ್ಪಿದ್ದು ಅದರ ಬೆನ್ನಿಗೇ ವಿಚಾರಣೆ ಶುರುವಾದದ್ದರಲ್ಲಿ. ಇನ್ನು “ಯಾಕೆ” ಎನ್ನುವ ಪದ. ನಾನಂತೂ ನನ್ನ ಕೋಣೆಯಲ್ಲಿ ಅದನ್ನು ಆದಷ್ಟು ಬಳಸುವುದಿಲ್ಲ. “ಯಾಕೆ ಲೇಟು?” ಅಂದರೆ ಎದುರಿನವರು ನೆಪ ಹುಡುಕುತ್ತಾರೆ. “ಇವತ್ತು ಆಫೀಸಲ್ಲಿ ಹೇಗಿತ್ತು?” ಅಂದರೆ ದಿನವನ್ನು ನೆನಪಿಸಿಕೊಳ್ಳುತ್ತಾರೆ. ಹಾಗಂತ ಪದ ಬದಲಿಸಿ ಧ್ವನಿ ಹಳೆಯದೇ ಉಳಿದರೆ ಅದೂ ಕೊಂಕೇ ಆಗುತ್ತದೆ. ಮುಂದಿನ ಪ್ರಶ್ನೆಯನ್ನು ನಿಮ್ಮ ಪಟ್ಟಿಯಿಂದ ತೆಗೆಯಬೇಡಿ, ಅವಳು ಈಗಷ್ಟೇ ಆಡಿದ ಮಾತಿನಿಂದ ಎತ್ತಿಕೊಳ್ಳಿ ಎಂದೂ ಹೇಳಿದೆ. “ಕೆಲಸ ಇತ್ತು” ಅಂದಳಲ್ಲ, ಎಂಥ ಕೆಲಸ ಅಂತ ಕೇಳಲೇ ಇಲ್ಲ ನೀವು.

ಕೊನೆಗೆ, ಕೇಳಿದ ಮೇಲೆ ಕಾಯಬೇಕು. ಇದಕ್ಕೆ ಮೇಷ್ಟ್ರು ಒಪ್ಪಲಿಲ್ಲ. “ಸುಮ್ನಿದ್ರೆ ಫೋನ್ ಕಟ್ಟಾಗಿದೆ ಅನ್ಕೊಳ್ತಾಳೆ” ಎಂದರು. ಆಗ ಅವರ ತರಗತಿಗೇ ಹೋಗಬೇಕಾಯಿತು. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು: ಟೀಚರುಗಳು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಮೇಷ್ಟ್ರು ಸ್ವಲ್ಪ ಹೊತ್ತು ಕೂತಿದ್ದು, “ನಾನು ಒಂದು ಸೆಕೆಂಡೂ ಕಾದವನಲ್ಲ” ಎಂದರು.

ಎರಡು ವಾರದ ನಂತರ ಬಂದಾಗ ಜೇಬಿನಲ್ಲಿ ಚೀಟಿ ಇತ್ತು. ಎಂಥ ಕೆಲಸ ಅಂತ ಕೇಳಿದ್ದಕ್ಕೆ ಮಗಳು “ಹೊಸ ಮ್ಯಾನೇಜರ್ ಬಂದಿದಾರೆ” ಅಂದಳಂತೆ. ಇವರು “ಹೊಸ ಮ್ಯಾನೇಜರಾ?” ಅಂದು ಸುಮ್ಮನಾದರು. ಏಳರವರೆಗೆ ಎಣಿಸಿದ್ದೆ ಎಂದರು. ಆಮೇಲೆ ಹೊರಬಿತ್ತು: ಟೀಮಿನಲ್ಲಿ ಮೂವರನ್ನು ತೆಗೆದಿದ್ದಾರೆ, ಮುಂದೆ ತನ್ನ ಸರದಿಯೇನೋ ಎಂಬ ಹೆದರಿಕೆಗೆ ರಾತ್ರಿವರೆಗೂ ಕೂರುತ್ತಾಳೆ. ಮೇಷ್ಟ್ರು ತಡೆಯಲಾರದೆ “ಮೊದಲೇ ಯಾಕೆ ಹೇಳಲಿಲ್ಲ?” ಅಂದೇಬಿಟ್ಟರು. “ನೋಡಿ, ಶುರುವಾಯ್ತು” ಅಂತ ಅವಳು ನಕ್ಕಳಂತೆ. ಫೋನ್ ಇಡಲಿಲ್ಲ.

ಮೂರನೇ ಸಲ ಬಂದಾಗ ಹೇಳಿದ್ದು ಬೇರೆಯೇ. ಮಗಳು ಕೇಳಿದ್ದಳು: “ಅಪ್ಪಾ, ಸ್ಕೂಲಿಲ್ಲದೆ ಬೆಳಗ್ಗೆ ಹೊತ್ತು ಏನ್ ಮಾಡ್ತೀರಿ?” ಎರಡು ವರ್ಷದಿಂದ ಯಾರೂ ಇದನ್ನು ಕೇಳಿರಲಿಲ್ಲ. ಅವಳೂ ಕಾದಳು. “ಒಂಬತ್ತೂವರೆಗೆ ಇಸ್ತ್ರಿ ಶರ್ಟು ಹಾಕ್ಕೊಂಡು ಜಗಲಿ ಮೇಲೆ ಕೂತಿರ್ತೀನಿ ಕಣಮ್ಮ” ಎಂದರಂತೆ. ಆ ರಾತ್ರಿ ಹೆಂಡತಿ ಎರಡು ಸಲ ಬಂದು, “ನಂಗೂ ಒಂಚೂರು ಫೋನ್ ಕೊಡ್ರಿ” ಎನ್ನಬೇಕಾಯಿತು.