ಪಾರ್ಕಿನಲ್ಲಿ ಬೆಂಚು ಎಲ್ಲಿರಬೇಕು ಅಂತ ಎಐಯನ್ನು ಕೇಳಬಹುದೇ?

ಬೆಂಚು, ಕಾಲುದಾರಿ ಎಲ್ಲಿರಬೇಕು ಅಂತ ತೀರ್ಮಾನಿಸೋಕೆ ಯಾವ ಎಐ ಒಳ್ಳೆಯದು ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ.

ಹಳೆಯ ಪಾರ್ಕೊಂದನ್ನು ಹೊಸದಾಗಿ ರೂಪಿಸುವ ಕೆಲಸ ಸಿಕ್ಕಿತ್ತು. ಎರಡು ವಾರ ಕ್ಯಾಮೆರಾ ಇಟ್ಟೆವು. ಸಾಫ್ಟ್‌ವೇರ್ ಹೀಟ್‌ಮ್ಯಾಪ್ ಕೊಟ್ಟಿತು, ಅಂದರೆ ಎಲ್ಲಿ ಎಷ್ಟು ಜನ ಇದ್ದರು ಅಂತ ಬಣ್ಣದಲ್ಲಿ ತೋರಿಸುವ ನಕ್ಷೆ. ಒಂದು ಮೂಲೆಯ ಮೂರು ಬೆಂಚುಗಳ ಮೇಲೆ ಪೂರ್ತಿ ನೀಲಿ, ಅಂದರೆ ಅಲ್ಲಿ ಯಾರೂ ಇಲ್ಲ. ಬೆಂಚು ತೆಗೆದು ದಾರಿ ಅಗಲ ಮಾಡಿ ಅಂತ ನಾನೇ ವರದಿ ಬರೆದೆ. ಹಾಗೇ ಮಾಡಿದರು. ಕೆಲಸ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು "ನಾವು ಇನ್ನೆಲ್ಲಿ ಕೂರೋದಪ್ಪಾ?" ಅಂತ ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ನಮ್ಮ ಲೆಕ್ಕದ ಮೊದಲ ಹಂತ, ವಿಡಿಯೊದಿಂದ ಹಿನ್ನೆಲೆಯನ್ನು ಕಳೆಯುವುದು. ಅಲುಗಾಡದ್ದು ಹಿನ್ನೆಲೆ, ಅಲುಗಾಡುವುದು ಮನುಷ್ಯ. ಹಿನ್ನೆಲೆ ಯಾವುದು ಅಂತ ಅದು ಹಿಂದಿನ 500 ಫ್ರೇಮ್ ನೋಡಿ ಕಲಿಯುತ್ತಿತ್ತು. ಸೆಕೆಂಡಿಗೆ 25 ಫ್ರೇಮ್ ಅಂದರೆ ಬರೀ 20 ಸೆಕೆಂಡು. ಅಷ್ಟರೊಳಗೆ, ಸುಮ್ನೆ ಕೂತವರು ಮರದ ಹಾಗೆ, ಕಂಬದ ಹಾಗೆ ಹಿನ್ನೆಲೆಗೆ ಸೇರಿಹೋಗುತ್ತಿದ್ದರು. ದಿನಾ ಗಂಟೆಗಟ್ಟಲೆ ಅಲ್ಲಿ ಕೂರುತ್ತಿದ್ದ ವಯಸ್ಸಾದವರು ನಮ್ಮ ಲೆಕ್ಕಕ್ಕೆ ಬೆಂಚೇ ಆಗಿಬಿಟ್ಟಿದ್ದರು. ಮೂಲ ವಿಡಿಯೊ ಹತ್ತು ನಿಮಿಷ ನೋಡಿದ್ದರೂ ಸಾಕಿತ್ತು. ನಾನು ನೋಡಲಿಲ್ಲ. ಪಾರ್ಕಿಗೆ ಹೋಗಿದ್ದೂ ಒಂದೇ ಸಲ, ಕ್ಯಾಮೆರಾ ಕಟ್ಟಿಸೋಕೆ.

ಈಗಿನ ಎಐ ಮಾಡೆಲ್‌ಗಳು ಕೂತವರನ್ನೂ ಗುರುತಿಸುತ್ತವೆ, ನಿಜ. ಆದರೂ ಕೊಂಬೆ ಮರೆಯಲ್ಲಿ, ದಟ್ಟ ನೆರಳಲ್ಲಿ ಎಡವುತ್ತವೆ. ಇನ್ನು, ಕತ್ತಲಿಗೆ ಹೆದರಿ ಪಾರ್ಕಿಗೇ ಬಾರದವರು ಯಾವ ಕ್ಯಾಮೆರಾದಲ್ಲೂ ಇರುವುದಿಲ್ಲ, ಅಲ್ವಾ?

ಹಾಗಾಗಿ 'ಯಾವ ಎಐ' ಅನ್ನೋ ಪ್ರಶ್ನೆಯನ್ನೇ ಸದ್ಯ ಬಿಡಿ. 1970ರ ದಶಕದಲ್ಲಿ, ನಗರದ ಜಾಗಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುತ್ತಿದ್ದ ವಿಲಿಯಂ ವೈಟ್ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟೇ ಅಧ್ಯಯನ ಮಾಡಿದರು. ಆದರೆ ಅವರ ತಂಡ ಫಿಲ್ಮನ್ನು ಕೂತು ನೋಡಿತು, ಚೌಕಕ್ಕೂ ಹೋಗಿ ಎಣಿಸಿತು. ಕೂರೋಕೆ ಜಾಗ ಇದ್ದಲ್ಲಿ ಜನ ಕೂರುತ್ತಾರೆ ಅನ್ನುವ ಸರಳ ಮಾತು ಅವರಿಗೆ ಸಿಕ್ಕಿದ್ದು ಹಾಗೆ. ಅವರ ಫಿಲ್ಮುಗಳನ್ನು ಮೂವತ್ತು ವರ್ಷ ಆಮೇಲಿನ ವಿಡಿಯೊ ಜೊತೆ ಎಐಯಿಂದ ಹೋಲಿಸಿದಾಗ, ಜನರ ನಡಿಗೆ ಸುಮಾರು 15% ಚುರುಕಾಗಿದ್ದು ಕಂಡಿತು. ಇಂಥ ಅಳತೆಗೆ ಎಐ ಬಳಸಿ. ಯಾರ ಬೆಂಚು ಉಳಿಯಬೇಕು ಅಂತ ಅದನ್ನು ಕೇಳಬೇಡಿ.

ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀವೇ ಹೋಗಿ ಕೂತುಕೊಳ್ಳಿ. ಪಕ್ಕದಲ್ಲಿ ಕೂತವರನ್ನು ಮಾತಾಡಿಸಿ. ಕ್ಯಾಮೆರಾ ಆಮೇಲೆ.

ನಮ್ಮ ಬೆಂಚುಗಳನ್ನು ಎಂಟು ತಿಂಗಳ ಮೇಲೆ ವಾಪಸ್ ಹಾಕಿಸಿದೆ. ಮೊದಲು ಕೂರುತ್ತಿದ್ದ ಐವರಲ್ಲಿ ಇಬ್ಬರು ಮಾತ್ರ ಮತ್ತೆ ಬಂದರು.