ಓದುಗರ ಪ್ರಶ್ನೆ: ಮತ್ತೊಂದು ಸಿ.ಟಿ. ಬೇಕೇ?

ಪ್ರಶ್ನೆ: ನಮ್ಮ ಯಜಮಾನರಿಗೆ (44 ವರ್ಷ) ಕಿಡ್ನಿ ಕಲ್ಲಿನ ನೋವು ಬಂದು ಕಾರವಾರದಲ್ಲಿ ಹೊಟ್ಟೆಯ ಸಿ.ಟಿ. ಆಯಿತು. ಮೂರು ವಾರ ಬಿಟ್ಟು ಮಂಗಳೂರಿಗೆ ಹೋದರೆ ಅಲ್ಲಿ ಮತ್ತೆ ಸಿ.ಟಿ. ಎನ್ನುತ್ತಿದ್ದಾರೆ. ಇಷ್ಟು ವಿಕಿರಣದಿಂದ ಕ್ಯಾನ್ಸರ್ ಬಂದೀತೇ?
– ಓದುಗರೊಬ್ಬರು, ಕುಮಟಾ

ಉತ್ತರ: ಆದ ಸಿ.ಟಿ. ಬಗ್ಗೆ ಚಿಂತೆ ಬಿಡಿ. ಎರಡನೆಯದನ್ನು ಮಾತ್ರ ಕೇಳಿ ತಿಳಿದುಕೊಂಡೇ ಒಪ್ಪಿ.

ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ವಿಕಿರಣ ತಗಲುತ್ತದೆ. ಹೊಟ್ಟೆಯ ಮಾಮೂಲಿ ಸಿ.ಟಿ.ಗೆ 8ರಿಂದ 10, ಅಂದರೆ ನಾನೂರು–ಐನೂರು ಎಕ್ಸ್‌ರೇಯಷ್ಟು. ನೆಲ, ಗಾಳಿ, ಆಹಾರ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಹೇಗೂ ಬರುತ್ತದೆ. 10 ಮಿಲಿಸೀವರ್ಟ್‌ನಿಂದ ಮುಂದೆಂದೋ ಕ್ಯಾನ್ಸರ್ ಸಾವು ಬರುವ ಸಾಧ್ಯತೆ 2000ಕ್ಕೆ ಒಂದರಷ್ಟು ಎಂಬುದು ಅಂದಾಜು. ಕೈಗಾ ಸ್ಥಾವರದಿಂದ ಸುತ್ತಲ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ದಾಟಕೂಡದೆಂಬ ಮಿತಿಯಿದೆ. ರೋಗಿಗೆ ಅಂಥ ಮಿತಿಯೇ ಇಲ್ಲ, ಪ್ರಯೋಜನ ತೂಗಿ ನೋಡಿ ವೈದ್ಯರು ನಿರ್ಧರಿಸಬೇಕು. ಅದಕ್ಕೇ ನೀವು ಕೇಳಬೇಕು ಎನ್ನುವುದು.

ನಮ್ಮ ಕಡೆಯವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವಾಗ ಫಿಲ್ಮ್ ಮಾತ್ರ ಒಯ್ಯುತ್ತಾರೆ. ಅದರಲ್ಲಿರುವುದು ಆಯ್ದ ಕೆಲವೇ ಚಿತ್ರಗಳು. ಕಲ್ಲಿನ ಅಳತೆ, ಗಡಸುತನ ತಿಳಿಯಲು ಪೂರ್ತಿ ಚಿತ್ರಗಳು ಬೇಕು. ಅವಿರುವುದು ಡೈಕಾಮ್ (ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿಗೆಂದು ಉಳಿಸುವ ರೂಪ) ಸಿ.ಡಿ.ಯಲ್ಲಿ. ಫಿಲ್ಮಿನ ಫೋಟೋ ಮೊಬೈಲಿನಲ್ಲಿ ಕಳಿಸಿ ಉಪಯೋಗವಿಲ್ಲ. ಸ್ಕ್ಯಾನ್ ಆದಲ್ಲಿಗೆ ಹೋಗಿ ಸಿ.ಡಿ. ಕೇಳಿ, ಕೌಂಟರ್ ಬಿಡುವ ಮೊದಲೇ ಕಂಪ್ಯೂಟರಿನಲ್ಲಿ ತೆರೆದು ತೋರಿಸಲು ಹೇಳಿ. ಡೋಸ್ ಶೀಟನ್ನೂ ಹಾಕಿಸಿಕೊಳ್ಳಿ. ಅದರಲ್ಲಿ ಡಿ.ಎಲ್.ಪಿ. ಎಂಬ, ಇಡೀ ಸ್ಕ್ಯಾನಿನ ಒಟ್ಟು ಡೋಸ್ ತೋರಿಸುವ ಅಂಕಿ ಇರುತ್ತದೆ, ಹೊಟ್ಟೆಯ ಸಿ.ಟಿ.ಯಾದರೆ ಅದನ್ನು 0.015ರಿಂದ ಗುಣಿಸಿ. 600 ಇದ್ದರೆ ಸುಮಾರು 9 ಮಿಲಿಸೀವರ್ಟ್.

ಮೂರು ವಾರದಲ್ಲಿ ಕಲ್ಲು ಕೆಳಗೆ ಜಾರಿರಬಹುದು, ಹಾಗಾಗಿ ಮಂಗಳೂರಿನವರು ಕೇಳಿದ್ದು ತಪ್ಪೆನ್ನಲಾಗದು. ಆದರೆ ಸಿ.ಡಿ. ಕೊಟ್ಟು, ಅಲ್ಟ್ರಾಸೌಂಡ್ ಮತ್ತು ಹೊಟ್ಟೆಯ ಸಾದಾ ಎಕ್ಸ್‌ರೇ ಸಾಕಾಗದೇ ಎಂದು ಕೇಳಿ. ಸಿ.ಟಿ.ಯೇ ಬೇಕೆಂದರೆ ಡೈ (ಚಿತ್ರ ಎದ್ದು ಕಾಣಲು ರಕ್ತಕ್ಕೆ ಚುಚ್ಚುವ ದ್ರವ) ಹಾಕದ, ಕಡಿಮೆ ವಿಕಿರಣದ 'ಲೋ ಡೋಸ್' ಆದೀತೇ ಎಂದು ವಿಚಾರಿಸಿ; 3 ಮಿಲಿಸೀವರ್ಟ್ ಆಸುಪಾಸಿನಲ್ಲೇ ಮುಗಿಯುತ್ತದೆ. ಮೈ ತುಂಬ ದಪ್ಪಗಿದ್ದರೆ ಅದರಲ್ಲಿ ಚಿತ್ರ ಮಸುಕಾಗುತ್ತದೆ. ಡೈ ಹಾಕಿ ಎರಡು ಮೂರು ಸಲ ತೆಗೆದರೆ ಪ್ರತಿ ಸಲಕ್ಕೂ ಬೇರೆ ಡೋಸ್ ಲೆಕ್ಕ. ನೋವಿನ ಜತೆ ಚಳಿಜ್ವರ ಬಂತೋ, ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ. ಮೂತ್ರನಾಳ ಕಟ್ಟಿ ಸೋಂಕಾದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಕೆಮ್ಮಿಗೆಂದು ಎದೆಯ ಎಕ್ಸ್‌ರೇ ತೆಗೆಸಿದ್ದೆ. ಆಗ ಐದು ವಾರದ ಗರ್ಭವಿತ್ತೆಂದು ಆಮೇಲೆ ಗೊತ್ತಾಯಿತು. ಗರ್ಭ ತೆಗೆಸಿಬಿಡು ಎನ್ನುತ್ತಾರೆ.
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಬೇಡ. ಎದೆಯ ಎಕ್ಸ್‌ರೇಯಿಂದ ಗರ್ಭಕ್ಕೆ ತಲುಪುವುದು 0.01 ಮಿಲಿಗ್ರೇಗಿಂತಲೂ (ದೇಹದ ಒಂದು ಭಾಗ ಹೀರಿಕೊಂಡ ವಿಕಿರಣದ ಅಳತೆ) ಕಡಿಮೆ. 100 ಮಿಲಿಗ್ರೇ ಒಳಗಿದ್ದರೆ ವಿಕಿರಣದ ಕಾರಣಕ್ಕೆ ಗರ್ಭಪಾತ ಸಲ್ಲದು ಎಂಬುದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಮಾತು. ನಿಮ್ಮದು ಅದರ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಕೆಮ್ಮು ಇನ್ನೂ ಹೋಗಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯವಿದ್ದು ಮದ್ದಿಲ್ಲದೆ ಉಳಿದರೆ ಮಗುವಿಗೆ ನಿಜವಾದ ತೊಂದರೆ ಅದರಿಂದ.

ಪ್ರಶ್ನೆ: ಸಿ.ಟಿ. ಆದ ದಿನ ಮಗುವಿಗೆ ಹಾಲು ಕೊಡಬಹುದೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಕೊಡಿ. ಯಂತ್ರ ನಿಂತೊಡನೆ ವಿಕಿರಣವೂ ನಿಂತಿತು, ಮೈಯಲ್ಲಿ ಉಳಿಯುವುದಿಲ್ಲ. ಅಯೋಡಿನ್ ಡೈ ಹಾಕಿದ್ದರೂ ಹಾಲು ಚೆಲ್ಲಬೇಕಿಲ್ಲ. ವಿಕಿರಣಶೀಲ ಔಷಧಿ ಚುಚ್ಚಿ ಮಾಡುವ ಥೈರಾಯ್ಡ್, ಮೂಳೆ ಸ್ಕ್ಯಾನ್‌ಗಳದ್ದು ಬೇರೆ ಮಾತು: ಹಾಲೂಡಿಸುತ್ತಿರುವುದನ್ನು ಚುಚ್ಚುವ ಮೊದಲೇ ಹೇಳಿ, ಎಷ್ಟು ಹೊತ್ತು ಬಿಡಬೇಕೆಂಬುದು ಔಷಧಿಯ ಮೇಲೆ ಹೋಗುತ್ತದೆ.