ಮಂಡ್ಯ ಕಡೆ ಕೋಳಿ ಫಾರಂ ಮಾಡೋರು ಒಳ್ಳೇದು ಅಂತಾರೆ, ಊರೋರು ಬೇಡ ಅಂತಾರೆ, ಯಾಕೆ?

ದುಡ್ಡು ಶೆಡ್ ಓನರ್‌ಗೆ, ನೊಣ ವಾಸ್ನೆ ಅಕ್ಕಪಕ್ಕದೋರಿಗೆ, ಅದಕ್ಕೇ. ಬ್ರಾಯ್ಲರ್ (ಮಾಂಸದ ಕೋಳಿ) ಸಾಕೋರು ಸುಮಾರು ಜನ ಕಂಪನಿ ಕಾಂಟ್ರಾಕ್ಟ್‌ನಲ್ಲಿ ಮಾಡೋದು, ಮರಿ ಫೀಡು ಔಷಧಿ ಕಂಪನೀದು, ಶೆಡ್ಡು ಕರೆಂಟು ಕೂಲಿ ರೈತಂದು, 40 ದಿನದ ಆಸುಪಾಸು ಕೋಳಿ 2 ಕೆಜಿ ಬಂದಾಗ ಕಂಪನಿಯೋರೇ ತಗೊಂಡೋಗಿ ಕೆಜಿಗಿಷ್ಟು ಅಂತ ಸಾಕಿದ ದುಡ್ಡು ಕೊಡ್ತಾರೆ. ಮಾರ್ಕೆಟ್ ರೇಟ್ ಬಿದ್ರೂ ರೈತನಿಗೆ ನೇರ ಪೆಟ್ಟು ಕಮ್ಮಿ, ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾದೋರಿಗೆ ಇದು ದೊಡ್ಡ ವಿಷ್ಯ ಕಣ್ರೀ. ಸಾಲ ಮಾಡಿ ಕಟ್ಟಿದ ಶೆಡ್ಡು ಖಾಲಿ ಬಿದ್ರೆ ಮಾತ್ರ ಕಂತು ರೈತನ ತಲೆ ಮೇಲೇ.

ಊರೋರ ನೊಣದ ಕಂಪ್ಲೇಂಟ್ ಸುಳ್ಳಲ್ಲ. ಹಿಕ್ಕೆ ಒದ್ದೆ ಆದ್ರೆ ನೊಣ ಅದ್ರಲ್ಲೇ ಮೊಟ್ಟೆ ಇಡುತ್ತೆ, ಬೇಸಿಗೇಲಿ ವಾರ ಹತ್ತು ದಿನಕ್ಕೆ ಹೊಸ ನೊಣ ರೆಡಿ. ಕೆಳಗೆ ಹಾಸಿರೋ ಹೊಟ್ಟು ಒಣಗಿದ್ರೆ ಜಗಳ ಎಷ್ಟೋ ಕಮ್ಮಿ ಆಗುತ್ತೆ.

ಆದ್ರೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಊದಿಸ್ತಾರೆ ಅನ್ನೋದು ಬರೀ ಪುಕಾರು, ಬೇಗ ಬೆಳೆಯೋದು ತಳಿ ಮತ್ತೆ ಫೀಡಿಂದ. ಭಯ ಪಡ್ಬೇಕಾಗಿರೋದು ಆಂಟಿಬಯೋಟಿಕ್‌ಗೆ, ಸುಮ್ಮನೆ ಹಾಕ್ತಾ ಹೋದ್ರೆ ರೋಗಾಣು ಅದಕ್ಕೆ ಒಗ್ಗಿಕೊಂಡು ನಮಗೂ ಔಷಧಿ ನಾಟಲ್ಲ, ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್‌ನ ಕೋಳಿ ಫಾರಂಗಳಿಗೆ ಕೇಂದ್ರ ಸರ್ಕಾರ 2019ರಲ್ಲಿ ಬ್ಯಾನ್ ಮಾಡಿದ್ದು ಇದಕ್ಕೇ.